ಕಾಲು ಚಾಚಲೊಂದು ಜಾಗ

ಮೇಷ್ಟರು ಮೋಟಾರ್ ಸೈಕಲ್ಲಿನ ಬಗ್ಗೆ ಬರೆಯಲು ಹೊರಟಿದ್ದಾರೆಂದರೆ ನನ್ನ ಹಳೆಯ ವಿದ್ಯಾರ್ಥಿಗಳು ಮುಸಿಮುಸಿ ನಕ್ಕಾರು. ನಗಲಿ. ಎಂಟನೆಯ ತರಗತಿಯಲ್ಲಿ ಸನ್ನೆ, ಆನಿಕೆ, ಭಾರ ಎಂದು ಕಪ್ಪುಹಲಗೆಯ ಮೇಲೆ ಬರೆಸಿದ ಪಾಠ ಇಷ್ಟು ವರ್ಷಗಳ ಮೇಲೆ ಕೆಂಗೇರಿಯ ನಮ್ಮ ಮನೆಯ ಮುಂದೆಯೇ ಕೆಲಸಕ್ಕೆ ಬಂದಿತು. ಅದನ್ನು ಹೇಳದೆ ಬಿಡುವುದು ಹೇಗೆ?

ನಮ್ಮ ಕಾಲದಲ್ಲಿ ಗಾಡಿಯಿಂದ ಗಾಡಿಗೆ ಕಾಲಿನ ಕೆಲಸ ಬೇರೆಯಾಗಿತ್ತು. ಹಳೆಯ ಬುಲೆಟ್ಟಿನಲ್ಲಿ ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳಲ್ಲಿ ಕಿಕ್ ಹೊಡೆಯುವುದಕ್ಕೂ ಗೇರು ಬದಲಿಸುವುದಕ್ಕೂ ಎಡಗಡೆಯ ಒಂದೇ ಲಿವರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಲಿವರಿನ ಚಮತ್ಕಾರ ಮಾತ್ರ ಹಳಬರ ನೆನಪಿನಲ್ಲಿ ಉಳಿದಿದೆ. ಬುಲೆಟ್ಟಿನಿಂದ ಇಳಿದು ಜಾವಾ ಹತ್ತಿದವರ ಪಾದಗಳು ಕೆಲವು ದಿನ ತಬ್ಬಿಬ್ಬಾಗುತ್ತಿದ್ದವು. ಕಾಲಿಗೂ ಒಂದು ಸ್ಮರಣೆಯಿದೆ, ಮನಸ್ಸಿನದಕ್ಕಿಂತ ಅದು ಹಠಮಾರಿ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಅಕ್ಕನ ಮಗನ ಬಲಮೊಣಕಾಲು ಎರಡು ವರ್ಷಗಳ ಹಿಂದೆ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು, ಮೂಳೆ ಕೂಡಿತು, ಆದರೆ ಮೊಣಕಾಲು ಮೊದಲಿನಂತೆ ಮಡಿಸಲು ಬರಲಿಲ್ಲ. ಗಾಡಿ ಓಡಿಸಬಹುದೆಂದು ವೈದ್ಯರು ಒಪ್ಪಿಗೆ ಕೊಟ್ಟರು. ಅವನ ಬಳಿ ಇರುವುದು ಬಜಾಜ್ ಅವೆಂಜರ್. 2005ರಲ್ಲಿ ಬಂದ ಈ ಕ್ರೂಸರ್ ಗಾಡಿಯ ಫುಟ್‌ರೆಸ್ಟುಗಳು ಬೇರೆ ಗಾಡಿಗಳಿಗಿಂತ ಮೊದಲೇ ತುಸು ಮುಂದಿವೆ. ಅವನ ಮೊಣಕಾಲಿಗೆ ಅದೂ ಸಾಲದಾಯಿತು. ಅರ್ಧ ಗಂಟೆ ಕುಳಿತರೆ ನೋವು. ಗೇರ್ ಲಿವರು, ಬ್ರೇಕ್ ಪೆಡಲು, ಫುಟ್‌ರೆಸ್ಟು ಮೂರನ್ನೂ ಎಂಜಿನ್ನಿನ ಮುಂದಕ್ಕೆ ಒಯ್ಯುವ ಸಾಮಾನುಗಳನ್ನು ಜೆ.ಸಿ. ರಸ್ತೆಯಿಂದ ಕೊಂಡು ತಂದು, “ಮಾವ, ನಿಮ್ಮ ಮನೆಯಲ್ಲೇ ಜೋಡಿಸೋಣ” ಎಂದ. ಅಕ್ಕ ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಆ ಕಾಲಲ್ಲಿ ಬ್ರೇಕ್ ಹಿಡಿಯುತ್ತೇನೋ?”

ಇಡೀ ಕೆಲಸದ ತಿರುಳು ಆ ಪ್ರಶ್ನೆಯಲ್ಲಿತ್ತು. ಮುಂದಿನ ಚಕ್ರದ ಬ್ರೇಕು ಕೈಯಲ್ಲಿದೆ ನಿಜ, ಹೆಚ್ಚಿನ ಭಾರ ಹೊರುವುದೂ ಅದೇ. ಆದರೆ ಉದ್ದನೆಯ, ತಗ್ಗಾದ ಕ್ರೂಸರ್ ಗಾಡಿಯಲ್ಲಿ ಹಿಂದಿನ ಬ್ರೇಕಿನ ಪಾಲು ಬೇರೆ ಗಾಡಿಗಳಿಗಿಂತ ದೊಡ್ಡದು. ಮಣ್ಣು, ಜಲ್ಲಿಯ ಮೇಲಂತೂ ಅದೇ ಆಸರೆ.

ಎರಡು ಭಾನುವಾರ ಕೆಲಸ ಹಿಡಿಯಿತು. ಮೊದಲು ಬ್ರಾಕೆಟ್ಟುಗಳು. ಬೆಸುಗೆ ಹಾಕಿಸಿದರೆ ಗಟ್ಟಿಯೆಂದು ಪಕ್ಕದ ಮನೆಯವರು ಸಲಹೆ ಕೊಟ್ಟರು. ಬೆಸುಗೆಯ ಕಾವಿಗೆ ಸುತ್ತಲಿನ ಕೊಳವೆಯ ಕಸುವು ಕುಗ್ಗಬಹುದು, ಬೇಡವೆಂದೆ. ಬೋಲ್ಟಿನಲ್ಲಿ ಬಿಗಿದದ್ದನ್ನು ಮತ್ತೆ ಬಿಚ್ಚಬಹುದು, ಬೆಸೆದದ್ದನ್ನು ಕತ್ತರಿಸಬೇಕು.

ಆಮೇಲೆ ಗೇರಿನ ಸರಳು. ಅದರ ಒಂದು ತುದಿಯ ಮರೆ ಬಲಕ್ಕೆ, ಇನ್ನೊಂದರದು ಎಡಕ್ಕೆ. ಆದ್ದರಿಂದ ಸರಳನ್ನು ತಿರುಗಿಸಿದರೆ ಸಾಕು, ಎರಡು ತುದಿಗಳೂ ಒಟ್ಟಿಗೆ ದೂರ ಸರಿಯುತ್ತವೆ ಇಲ್ಲವೇ ಹತ್ತಿರವಾಗುತ್ತವೆ. ಎರಡು ತುದಿಗಳಲ್ಲೂ ಸರಳು ಲಿವರಿಗೆ ಲಂಬವಾಗಿ ನಿಲ್ಲಬೇಕು, ಓರೆಯಾದಷ್ಟೂ ಪಾದದ ಬಲ ಸೋರಿಹೋಗುತ್ತದೆ. ಬ್ರೇಕಿನ ಸರಳು ಎಳೆಯುವುದಷ್ಟೇ ಆದ್ದರಿಂದ ಸಪೂರವಾಗಿದ್ದರೂ ನಡೆದೀತು. ಗೇರಿನ ಸರಳು ಎಳೆಯುವುದೂ ಉಂಟು, ತಳ್ಳುವುದೂ ಉಂಟು. ಉದ್ದನೆಯ ತೆಳು ಸರಳು ತಳ್ಳಿದಾಗ ಬಾಗುತ್ತದೆ, ಅದಕ್ಕೇ ಅದು ದಪ್ಪನೆಯದಿರಬೇಕು.

ಕೊನೆಗೆ ಬ್ರೇಕು. ಹೊಸ ಪೆಡಲನ್ನು ಕೈಯಲ್ಲಿ ಒತ್ತಿ ನೋಡಿದ ಹುಡುಗ, “ಎಷ್ಟು ಚುರುಕಾಗಿದೆ ನೋಡಿ” ಎಂದ. ನಾನು ಅಳತೆಪಟ್ಟಿ ತರಿಸಿದೆ. ಹಳೆಯ ಪೆಡಲಿನಲ್ಲಿ ಆನಿಕೆಯಿಂದ ಪಾದದವರೆಗೆ ಸುಮಾರು 16 ಸೆಂ.ಮೀ., ಆನಿಕೆಯಿಂದ ಸರಳಿನವರೆಗೆ 4. ಹೊಸದರಲ್ಲಿ 15 ಮತ್ತು 5. ಅಂದರೆ ಹತ್ತು ಕಿಲೋ ಒತ್ತಿದರೆ ಹಳೆಯದು ನಲವತ್ತರಷ್ಟು ಎಳೆಯುತ್ತಿತ್ತು, ಹೊಸದು ಮೂವತ್ತರಷ್ಟು ಮಾತ್ರ. ಪೆಡಲು ಕಡಿಮೆ ದೂರ ಚಲಿಸುತ್ತದೆ, ಅದೇ ಅವನಿಗೆ ಚುರುಕೆನಿಸಿದ್ದು. ಅದಕ್ಕೆ ಬೆಲೆ ತೆರುವುದು ಪಾದ. ಕಾಲು ಚಾಚಿ ಕುಳಿತವನು ತೊಡೆಯ ಭಾರ ಹಾಕಿ ತುಳಿಯಲಾರ, ಹೆಚ್ಚಾಗಿ ಹರಡಿನಿಂದಲೇ ಒತ್ತಬೇಕು. ಅದೂ ಪೆಟ್ಟುಬಿದ್ದ ಕಾಲು!

ಅವನಿಂದಲೇ ಲೆಕ್ಕ ಮಾಡಿಸಿದೆ. ಹದಿನೈದನ್ನು ನಾಲ್ಕರಿಂದ ಭಾಗಿಸಿದರೆ 3.75. ಲೇತ್ ಅಂಗಡಿಯಲ್ಲಿ ಆನಿಕೆಯಿಂದ ಅಷ್ಟು ದೂರಕ್ಕೆ ಇನ್ನೊಂದು ತೂತು ಕೊರೆಸಿ, ಸರಳನ್ನು ಅಲ್ಲಿಗೆ ಸಿಕ್ಕಿಸಿದೆವು. ಬ್ರೇಕ್ ದೀಪದ ಸ್ವಿಚ್ಚಿನ ಸ್ಪ್ರಿಂಗನ್ನೂ ಹೊಸ ಪೆಡಲಿಗೆ ಜೋಡಿಸಿದೆವು. ಇದನ್ನು ಮರೆಯುವವರು ಬಹಳ, ಹಿಂದೆ ಬರುವವನಿಗೆ ಅದರಿಂದ ಅಪಾಯ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಒತ್ತಿಹೇಳಿತು. ಆದ್ದರಿಂದ ಇಂಥ ಕೆಲಸಕ್ಕೆ ಕೈಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ವಿಮೆಯವರಿಗೂ ತಿಳಿಸುವುದು ಲೇಸು. ಹುಡುಗನಿಂದ ಅದನ್ನೂ ಮಾಡಿಸಿದೆ.

ಉಪನಗರದ ಒಂದು ಖಾಲಿ ಬೀದಿಯಲ್ಲಿ ಸುಣ್ಣದ ಗೆರೆ ಎಳೆದು, ನಿಧಾನದಿಂದ ಶುರುಮಾಡಿ ಇಪ್ಪತ್ತು ಸಲ ನಿಲ್ಲಿಸಿ ನೋಡಿದ. ಮೊದಲ ಕೆಲವು ಸಲ ಪಾದ ಹಳೆಯ ಜಾಗವನ್ನೇ ಹುಡುಕಿತು. ಹತ್ತರ ನಂತರ ಹೊಸ ಜಾಗ ರೂಢಿಯಾಯಿತು. ಅಕ್ಕ ಮೆಟ್ರೋದಲ್ಲಿ ಕೆಂಗೇರಿಗೆ ಬಂದಿಳಿದು, ಬೀದಿಯ ಅಂಚಿನಲ್ಲಿ ಕೊಡೆ ಹಿಡಿದು ನಿಂತು ಅಷ್ಟನ್ನೂ ನೋಡಿದಳು. ಒಂದು ಮಾತೂ ಆಡಲಿಲ್ಲ. ಇಪ್ಪತ್ತನೆಯ ಸಲಕ್ಕೆ ಚಕ್ರ ಗೆರೆಗಿಂತ ಒಂದು ಗೇಣು ಹಿಂದೆಯೇ ನಿಂತಾಗ, “ಊಟಕ್ಕೆ ಏಳಿ” ಎಂದಳು.

ಈ ಭಂಗಿಗೆ ಒಂದು ಕುಂದಿದೆ. ಕಾಲು ಮುಂದಿರುವಾಗ ಹಂಪು ಬಂದರೆ ಎದ್ದು ನಿಲ್ಲಲಾಗದು, ಪೆಟ್ಟೆಲ್ಲ ಬೆನ್ನುಮೂಳೆಗೆ. ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟಿನಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲವಾಗಿ, ರಾಮನಗರಕ್ಕೆ ಹೋಗಬೇಕಾದರೂ ಅವನಿಗೆ ಸರ್ವಿಸ್ ರಸ್ತೆಯೇ ಗತಿ. ನಿಧಾನವಾಗಿ ಹೋಗುತ್ತಾನೆ. ಅದರಿಂದ ನಷ್ಟವೇನಿಲ್ಲ.

ಅವನ ವ್ಯಾಯಾಮ ಇನ್ನೂ ನಡೆದಿದೆ. ಮೊಣಕಾಲು ಮೊದಲಿಗಿಂತ ತುಸು ಹೆಚ್ಚು ಮಡಿಚುತ್ತಿದೆ. ಗಾಡಿಯಿಂದ ಬಿಚ್ಚಿದ ಹಳೆಯ ಪೆಡಲು, ಲಿವರು, ಫುಟ್‌ರೆಸ್ಟುಗಳಿಗೆ ಎಣ್ಣೆ ಸವರಿ, ಹಳೆಯ ಪಂಚೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ.