ಕೇರಿ ಮಲಗಿದ ಮೇಲೆ ಗಿಟಾರು

ಹಾಡು ಕಟ್ಟೋದಕ್ಕೆ ಕಾಸು ಬೇಕಿಲ್ಲ. ಕಟ್ಟಿದ ಹಾಡನ್ನು ಹಿಡಿದಿಡೋದಕ್ಕೆ ಬೇಕು. ಜಾಗ ಬೇಕು, ಹೊತ್ತು ಬೇಕು, ಸದ್ದು ಮಾಡುವ ಹಕ್ಕು ಬೇಕು. ಈ ಮೂರೂ ಇಲ್ಲದವರು ಎಲೆಕ್ಟ್ರಿಕ್ ಗಿಟಾರ್ ಹಿಡಿದರೆ ಏನು ಮಾಡಬೇಕು? ನಾವು ಕಂಡುಕೊಂಡ ದಾರಿಯನ್ನು ಇಲ್ಲಿ ಹೇಳುತ್ತೇವೆ.

ನಾವು ಮೂವರು. ಒಬ್ಬ ಬಳ್ಳಾರಿಯವ, ಒಬ್ಬ ಸಿರುಗುಪ್ಪದವ, ಇನ್ನೊಬ್ಬ ಕುರುಗೋಡಿನವ. ಹಗಲು ಮೂವರಿಗೂ ಕೆಲಸ. ರಾತ್ರಿ ಕೂಡುವುದು ಬಳ್ಳಾರಿಯ ಕೌಲ್ ಬಜಾರಿನ ಕಡೆ ಇರುವ ಬಾಡಿಗೆ ಕೋಣೆಯಲ್ಲಿ. ಒಂದಿಟ್ಟಿಗೆ ಗೋಡೆ, ಮೇಲೆ ತಗಡು. ಗೋಡೆಯಾಚೆ ಜೀನ್ಸ್ ಹೊಲಿಯುವ ಅಕ್ಕ. ಪೀಸಿಗಿಷ್ಟು ಅಂತ ಕೂಲಿ. "ಬಾರಿಸ್ರಪ್ಪ, ನಾ ಯಾಕ ಬ್ಯಾಡ ಅನ್ಲಿ. ಆದ್ರ ಕೂಸು ಎದ್ರ ನನಗ ನಿದ್ದಿ ಇಲ್ಲ. ನಿದ್ದಿ ಇಲ್ಲಂದ್ರ ನಾಳಿ ಮಿಷನ್ ಮ್ಯಾಲ ಕೈ ಓಡಂಗಿಲ್ಲ" ಅಂದಳು. ಈ ಮಾತಿಗೆ ಎದುರಾಡುವ ನ್ಯಾಯ ನಮ್ಮಲ್ಲಿಲ್ಲ.

ಕಾನೂನೂ ಅವಳ ಕಡೆಗೇ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಗಿಟಾರಿನ ಆಂಪ್ಲಿಫೈಯರನ್ನು ಅದರ ನಿಜವಾದ ದನಿ ಬರುವಷ್ಟು ಏರಿಸಿದರೆ 100 ದಾಟುವುದು ಕಷ್ಟವಲ್ಲ. ಸ್ಟುಡಿಯೋಗೆ ಹೋಗಿ ಅನ್ನಬಹುದು. ಅಲ್ಲಿ ಗಂಟೆ ಲೆಕ್ಕ. ಗಡಿಯಾರ ನೋಡುತ್ತಾ ನುಡಿಸಿದ ಹಾಡು ಹೇಗಿರುತ್ತದೆ ಅನ್ನೋದು ನುಡಿಸಿದವರಿಗೇ ಗೊತ್ತು.

"ಹೆಡ್‌ಫೋನ್ ಹಾಕ್ಕೊಂಡು ಸೀದಾ ಕಂಪ್ಯೂಟರಿಗೆ ವೈರ್ ಹಚ್ಚಿದ್ರಾತು" ಅಂತ ಹಲವರು ಹೇಳ್ತಾರೆ. ಬರೀ ಹಾಗೆ ಹಚ್ಚಿ ಡಿಸ್ಟಾರ್ಷನ್ ಏರಿಸಿದರೆ ಡಬ್ಬಿಯಲ್ಲಿ ಸಿಕ್ಕಿಬಿದ್ದ ಜೇನುನೊಣದ ಸದ್ದು ಬರುತ್ತದೆ. ಯಾಕೆ? ತತ್ವಪದ ಹಾಡುವ ನಮ್ಮ ಹಿರಿಯರನ್ನು ಕೇಳಿ. ಏಕತಾರಿಯ ಬುರುಡೆ ಕಳಚಿ ಬರೀ ತಂತಿ ಮೀಟಿದರೆ ಏನು ಬಂದೀತು? ಎಲೆಕ್ಟ್ರಿಕ್ ಗಿಟಾರಿನ ಬುರುಡೆ ಅದರ ಮೈಯಲ್ಲಿಲ್ಲ. ವೈರಿನ ಆ ತುದಿಯ ಸ್ಪೀಕರ್ ಪೆಟ್ಟಿಗೆಯಲ್ಲಿದೆ. ಅದರೊಳಗಿನ 12 ಇಂಚಿನ ಕಾಗದದ ಕೋನು ಸುಮಾರು 5000 ಹರ್ಟ್ಸ್‌ಗಿಂತ ಮೇಲಿನ ಕೀರಲನ್ನೆಲ್ಲ ಹೆಚ್ಚುಕಮ್ಮಿ ನುಂಗಿಬಿಡುತ್ತದೆ. ಆ ಕೀರಲು ಹೋದ ಮೇಲೆ ಉಳಿದದ್ದನ್ನೇ ನಾವು ಗಿಟಾರ್ ಎಂದು ಗುರುತಿಸುವುದು.

ಈ ಪೆಟ್ಟಿಗೆಯನ್ನು ಸದ್ದಿಲ್ಲದೆ ಕೋಣೆಗೆ ತರಬಹುದು. ಬಾವಿಕಟ್ಟೆಯ ಮೇಲೆ ನಿಂತು ಒಂದು ಚಪ್ಪಾಳೆ ತಟ್ಟಿ. ಬಾವಿ ತನ್ನ ದನಿ ಬೆರೆಸಿ ವಾಪಸು ಕೊಡುತ್ತದೆ. ಆ ಉತ್ತರದಲ್ಲಿ ಬಾವಿಯ ಆಳ, ಅಗಲ, ಕಲ್ಲು ಎಲ್ಲವೂ ಇರುತ್ತದೆ. ಹಾಗೆಯೇ ಯಾರೋ ಒಂದು ಸ್ಪೀಕರ್ ಪೆಟ್ಟಿಗೆಗೆ ಅಳತೆಯ ಸದ್ದು ಕೊಟ್ಟು, ಮುಂದೆ ಮೈಕ್ ಇಟ್ಟು, ಅದು ಕೊಟ್ಟ ಉತ್ತರವನ್ನು ಹಿಡಿದಿಡುತ್ತಾರೆ. ಇದಕ್ಕೆ ಇಂಪಲ್ಸ್ ರೆಸ್ಪಾನ್ಸ್, ಚಿಕ್ಕದಾಗಿ ಐಆರ್ ಅನ್ನುತ್ತಾರೆ. ಸೆಕೆಂಡಿಗೆ 48000 ಸ್ಯಾಂಪಲ್ಲಿನ ರೆಕಾರ್ಡಿಂಗಿನಲ್ಲಿ 2048 ಸ್ಯಾಂಪಲ್ಲಿನ ಐಆರ್ ಅಂದರೆ ಬರೀ 43 ಮಿಲಿಸೆಕೆಂಡು. ನಾವು ನುಡಿಸಿದ್ದನ್ನು ಕಂಪ್ಯೂಟರ್ ಆ ಉತ್ತರದೊಳಗಿಂದ ಹಾಯಿಸುತ್ತದೆ. ನಮ್ಮ ಕಿವಿಯಲ್ಲಿ ದೊಡ್ಡ ಪೆಟ್ಟಿಗೆ ಗರ್ಜಿಸುತ್ತದೆ. ಹೊರಗೆ ಕೇಳುವುದು ತಂತಿಯ ಟಿಣ್ ಟಿಣ್ ಮಾತ್ರ.

ಇದು ನಿನ್ನೆ ಹುಟ್ಟಿದ ಆಸೆಯಲ್ಲ. ಅಮೆರಿಕದ ಟಾಮ್ ಶೋಲ್ಜ್ ಎಂಬ ಎಂಜಿನಿಯರು 1976ರಲ್ಲಿ ಬಂದ 'ಬೋಸ್ಟನ್' ತಂಡದ ಮೊದಲ ಆಲ್ಬಮ್ಮಿನ ಬಹುಪಾಲನ್ನು ಮನೆಯ ನೆಲಮಾಳಿಗೆಯಲ್ಲೇ ರೆಕಾರ್ಡ್ ಮಾಡಿದ. 1982ರಲ್ಲಿ ಅವನೇ ಹೆಡ್‌ಫೋನಿಗೆ ಗಿಟಾರ್ ಕೇಳಿಸುವ ರಾಕ್‌ಮನ್ ಎಂಬ ಕೈಯಳತೆಯ ಡಬ್ಬಿ ಮಾಡಿದ. ಅಂದು ಅದನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಇಂದು ನ್ಯೂರಲ್ ಆಂಪ್ ಮಾಡೆಲರ್‌ನಂಥ ಸಾಫ್ಟ್‌ವೇರ್ ಉಚಿತ. ಎಷ್ಟೋ ಐಆರ್‌ಗಳೂ ಉಚಿತ.

ಕೆಲಸದ ಮಾತು ನಾಲ್ಕು. ಒಂದು, ವೈರನ್ನು ಯುಎಸ್‌ಬಿ ಆಡಿಯೋ ಇಂಟರ್‌ಫೇಸಿನ ಗಿಟಾರ್ ತೂತಿಗೇ ಹಾಕಿ. ಬೇರೆ ತೂತಿಗೆ ಹಾಕಿದರೆ ದನಿ ಮಂಕಾಗುತ್ತದೆ. ಎರಡು, ಮೊದಲು ಆಂಪಿನ ಮಾದರಿ, ಆಮೇಲೆ ಐಆರ್. ಆಂಪಿನ ಮಾದರಿಯೊಳಗೆ ಪೆಟ್ಟಿಗೆ ಆಗಲೇ ಸೇರಿದ್ದರೆ ಇನ್ನೊಂದು ಬೇಡ. ಬುರುಡೆ ಮೇಲೆ ಬುರುಡೆ ಇಟ್ಟರೆ ದನಿ ಕಂಬಳಿ ಹೊದ್ದಂತಾಗುತ್ತದೆ. ಮೂರು, ಏನೂ ಬೆರೆಸದ ಬರೀ ಗಿಟಾರಿನ ಟ್ರ್ಯಾಕನ್ನೂ ಉಳಿಸಿಕೊಳ್ಳಿ. ನಾಳೆ ಬೇರೆ ಪೆಟ್ಟಿಗೆ ಹಾಕಿ ನೋಡಬಹುದು. ನಾಲ್ಕು, ನಿಮ್ಮ ಹತ್ತಿರ ವಾಲ್ವ್ ಆಂಪ್ ಇದ್ದರೆ ಸದ್ದು ಬೇಡ ಅಂತ ಸ್ಪೀಕರ್ ಕಿತ್ತು ನುಡಿಸಬೇಡಿ. ಅದರ ಜಾಗದಲ್ಲಿ ಸರಿಯಾದ ಓಮ್‌ನ ಲೋಡ್ ಬಾಕ್ಸ್ ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ನಮ್ಮ ಊರುಗಳಿಗೆ ಇದರಲ್ಲಿ ಇನ್ನೂ ಒಂದು ಲಾಭವಿದೆ. ಮೈಕ್ ಇಲ್ಲ, ಆದ್ದರಿಂದ ಸುತ್ತಲಿನ ಗದ್ದಲ ಒಳಗೆ ಬರುವುದಿಲ್ಲ. ಮೇ ತಿಂಗಳಲ್ಲಿ ಬಳ್ಳಾರಿ 40 ಡಿಗ್ರಿ ದಾಟಿದಾಗ ಫ್ಯಾನು ಆರಿಸಿ ಯಾರು ನುಡಿಸಬೇಕು? ಫ್ಯಾನು ತಿರುಗಲಿ. ಅದರ ರೆಗ್ಯುಲೇಟರು ಗುಂಯ್ ಅನ್ನಿಸಿದರೆ ಗಿಟಾರ್ ಹಿಡಿದು ಸ್ವಲ್ಪ ಮಗ್ಗುಲಾದರೆ ಸಾಕು. ಸಿರುಗುಪ್ಪದ ಗೆಳೆಯನ ಮನೆ ಅಕ್ಕಿ ಗಿರಣಿಯ ಬಗಲಲ್ಲೇ ಇದೆ. ಗಿರಣಿ ಓಡುತ್ತಿರುವಾಗಲೇ ಅಲ್ಲಿ ಒಂದು ಹಾಡು ಮುಗಿಸಿದೆವು. ಕುರುಗೋಡಿನಲ್ಲಿ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿಯೇ ಇಂಟರ್‌ಫೇಸನ್ನೂ ನಡೆಸಿತು.

ಗೆಳೆಯರೊಬ್ಬರು ಕೇಳಿದರು: "ಗಿಟಾರು ಉಳ್ಳವರ ಮಕ್ಕಳದು. ಅದೂ ಹೋಗ್ಲಿ, ನಮ್ಮ ಹಾಡು ಬೀದಿಯಾಗ ಕೇಳ್ಬೇಕು. ನೀವು ಕಿವಿ ಮುಚ್ಚಿಕೊಂಡು ಮೂಲ್ಯಾಗ ಕೂತೀರಲ್ಲ?" ಮೊದಲನೆಯದಕ್ಕೆ ಉತ್ತರ ಸುಲಭ. ಅಣ್ಣ ಪಾವಲರ್ ವರದರಾಜನ್ ತಂಡದೊಡನೆ ಎಡಪಕ್ಷದ ವೇದಿಕೆಗಳಲ್ಲಿ ಊರೂರು ತಿರುಗಿ ಬೆಳೆದ ಇಳಯರಾಜಾ ಗಿಟಾರ್ ಕಲಿತವರು. 1981ರ ಶಂಕರ್‌ನಾಗ್‌ರ 'ಗೀತಾ' ಚಿತ್ರದ ಸಂಗೀತ ಅವರದೇ. ವಾದ್ಯ ಯಾರಪ್ಪನ ಸೊತ್ತೂ ಅಲ್ಲ.

ಎರಡನೆಯದು ಯೋಚಿಸಬೇಕಾದ ಮಾತು. ನಮ್ಮ ಅಜ್ಜಂದಿರ ಹಲಗೆಗೆ ಊರಿನ ಅಪ್ಪಣೆ ಇತ್ತು. ದೇವರ ಮೆರವಣಿಗೆಗೆ, ಸತ್ತವರ ಮುಂದೆ ಬಡಿ ಅಂದಾಗ ಬಡಿಯಬೇಕು; ಸಾಕು ಅಂದಾಗ ಸುಮ್ಮನಾಗಬೇಕು. ಅವರ ಸದ್ದಿನ ಅಳತೆ ಬೇರೆಯವರ ಕೈಯಲ್ಲಿತ್ತು. ಈಗ ಅಳತೆಯ ಗುಂಡಿ ನಮ್ಮ ಕೈಯಲ್ಲಿದೆ. ಜೀನ್ಸ್ ಹೊಲಿಯುವ ಅಕ್ಕನ ನಿದ್ದೆಗಾಗಿ ನಾವೇ ಅದನ್ನು ಇಳಿಸಿದ್ದೇವೆ. ಯಾರಿಗೂ ಹೆದರಿ ಇಳಿಸಿದ್ದಲ್ಲ. ಬೀದಿಯಲ್ಲಿ ಕೇಳಬೇಕಾದ ಹಾಡು ಮೊದಲು ಎಲ್ಲೋ ಒಂದು ಕಡೆ ಸರಿಯಾಗಿ ತಯಾರಾಗಬೇಕು. ಹತ್ತು ಸಲ ತಪ್ಪಿ ಹನ್ನೊಂದನೆಯ ಸಲ ನುಡಿಸುವ ಸೌಕರ್ಯ ಇದುವರೆಗೆ ಉಳ್ಳವರಿಗೆ ಮಾತ್ರ ಇತ್ತು. ಆ ಹನ್ನೊಂದನೆಯ ಸಲ ಈಗ ನಮಗೂ ಸಿಕ್ಕಿದೆ.

ಉಚಿತವಾಗಿ ಹಂಚಲು ಬಿಟ್ಟ ಐಆರ್‌ಗಳಲ್ಲಿ ನಮ್ಮ ಕಿವಿಗೆ ಒಪ್ಪಿದವನ್ನು ಆರಿಸಿ ಇಟ್ಟಿದ್ದೇವೆ. ಬೇಕಾದವರು ಪೆನ್‌ಡ್ರೈವ್ ತಗೊಂಡು ಬರ್ರಿ, ಜೊತೆಗೆ ನಿಮ್ಮದೊಂದು ಹಾಡೂ ಇರಲಿ. ರಾತ್ರಿ ಹತ್ತರ ಮೇಲೆ ಬಂದರೆ ಬಾಗಿಲನ್ನು ಮೆಲ್ಲಗೆ ತಟ್ರಿ.