ಬೆಳೆದ ನಾಯಿಗೆ ಮನೆಯ ಪಾಠ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯು ಎಲ್ಲರ ಬಾಯಲ್ಲಿಯೂ ಇದೆ. ಇದನ್ನು ನಂಬಿ, ಬೆಳೆದ ನಾಯಿಯನ್ನು ಮನೆಯೊಳಗೆ ಸೇರಿಸಲು ಅಂಜುವ ಗೃಹಸ್ಥರು ಅನೇಕರಿದ್ದಾರೆ. ನಾಯಿಯು ಒಳಗೆ ಮಲಮೂತ್ರಗಳನ್ನು ಮಾಡಿದರೆ ಗತಿಯೇನೆಂಬುದೇ ಅವರ ಅಂಜಿಕೆ. ಅದು ಕ್ಷುಲ್ಲಕವಾದುದಲ್ಲ. ದೇವರ ಮನೆ, ಅಡುಗೆಯ ಮನೆಗಳಿರುವಲ್ಲಿ ಗೃಹಿಣಿಯ ಅಸಮಾಧಾನವು ನ್ಯಾಯವಾದುದೇ. ಆದರೆ ಆ ಗಾದೆಯು ನಾಯಿಗೆ ಸಲ್ಲತಕ್ಕದ್ದಲ್ಲವೆಂಬುದಕ್ಕೆ ನಮ್ಮಲ್ಲಿ ಒಂದು ನಿದರ್ಶನವುಂಟು.

ನಾವು ವಾಸಿಸುವುದು ಶ್ರೀರಂಗಪಟ್ಟಣದ ದ್ವೀಪದ ಪೂರ್ವಭಾಗದಲ್ಲಿರುವ ಗಂಜಾಮಿನಲ್ಲಿ. ಕಾರ್ತಿಕಮಾಸದ ಆದಿಯಲ್ಲಿ ನೆರೆಮನೆಯ ವೃದ್ಧರೊಬ್ಬರು ಕಾಲವಾದರು. ಮಕ್ಕಳು ಬೆಂಗಳೂರಿನಲ್ಲಿ ಬಾಡಿಗೆಯ ಮನೆಯಲ್ಲಿರುವವರು. ಉತ್ತರಕ್ರಿಯೆಗಳನ್ನು ಮುಗಿಸಿ, ಬೀಗ ಹಾಕಿಕೊಂಡು ಹೊರಟರು. ತಂದೆಯು ಸಾಕಿದ್ದ ಕರಿಯನೆಂಬ ನಾಯಿಯು ಆ ಬಾಗಿಲ ಮುಂದೆ ಅನ್ನ ಬಿಟ್ಟು ಮಲಗಿತು. ಐದಾರು ವರ್ಷ ಕೊಟ್ಟಿಗೆಯಲ್ಲಿಯೇ ಬೆಳೆದು, ಮನೆಯ ಒಳಗನ್ನೇ ಕಂಡರಿಯದ ಪ್ರಾಣಿಯದು. ನಾವು ಅದನ್ನು ಕರೆತಂದೆವು. ಬಂದ ಸಂಜೆಯೇ ದೇವರ ಮನೆಯ ಎದುರಿನ ಕಂಬಕ್ಕೆ ಮೂತ್ರ ಮಾಡಿತು. ನಮ್ಮ ಮನೆಯವರು ಹೆಚ್ಚು ಮಾತನಾಡಲಿಲ್ಲ. “ಧನುರ್ಮಾಸ ಹುಟ್ಟುವುದರೊಳಗೆ ಕಲಿತರೆ ಇರಲಿ, ಇಲ್ಲವಾದರೆ ನೀವೇ ಬೇರೆ ಕಡೆ ನೋಡಿ” ಎಂದರು. ಬೇರೆ ಕಡೆಯೆಂದರೆ ಬೀದಿಯೇ ಎಂಬುದು ಇಬ್ಬರಿಗೂ ತಿಳಿದಿತ್ತು. ಕೈಯಲ್ಲಿದ್ದುದು ಒಂದು ತಿಂಗಳು.

ಬಂಧುಗಳೊಬ್ಬರು, “ಮಾಡಿದ ಜಾಗಕ್ಕೆ ಅದರ ಮೂಗನ್ನು ಉಜ್ಜಿ ನಾಲ್ಕೇಟು ಹಾಕಿ, ನೆನಪಿರುತ್ತದೆ” ಎಂದರು. ನಾವು ಒಪ್ಪಲಿಲ್ಲ. ಮಹಾಭಾರತದ ಆದಿಪರ್ವದಲ್ಲಿ ಸರಮೆಯೆಂಬ ದೇವಶುನಿಯ ಕಥೆಯು ಬರುತ್ತದೆ. ಯಾಗದೆಡೆಗೆ ಬಂದ ಅವಳ ಮರಿಯನ್ನು ಜನಮೇಜಯನ ತಮ್ಮಂದಿರು ಹೊಡೆದಟ್ಟಿದರು. ಅದು ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ. ನಿರಪರಾಧಿಯನ್ನು ಏಕೆ ಹೊಡೆದಿರೆಂದು ತಾಯಿಯು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ವಿಧಿಯನ್ನೇ ತಿಳಿಯದ ಪ್ರಾಣಿಗೆ ಅಪರಾಧವೆಲ್ಲಿಯದು? ಇದಲ್ಲದೆ, ಕಾರ್ಯವು ಆಗಿಹೋದ ಮೇಲೆ ಬಿದ್ದ ಪೆಟ್ಟನ್ನು ನಾಯಿಯು ಆ ಕಾರ್ಯದೊಡನೆ ಕೂಡಿಸಿ ತಿಳಿಯಲಾರದು. ಮನುಷ್ಯನೆದುರಿಗೆ ಮೂತ್ರ ಮಾಡುವುದು ಅಪಾಯವೆಂದು ಮಾತ್ರ ಕಲಿತು, ಮಂಚದ ಹಿಂದೆಯೋ ಪೆಟ್ಟಿಗೆಯ ಮರೆಯಲ್ಲಿಯೋ ಮಾಡತೊಡಗುತ್ತದೆ. ಹೊರಗೆ ಕರೆದೊಯ್ದರೂ ನಮ್ಮ ಮುಂದೆ ಮಾಡದು.

ನಾಯಿಗೆ ಸ್ವಭಾವತಃ ಒಂದು ಶುಚಿತ್ವವುಂಟು. ತಾನು ಮಲಗುವ ಎಡೆಯನ್ನು ಅದು ಸಾಮಾನ್ಯವಾಗಿ ಹೊಲಸು ಮಾಡದು. ಮನೆಯೆಲ್ಲವೂ ಅಂತಹ ಎಡೆಯೆಂಬುದನ್ನು ಕ್ರಮವಾಗಿ ತಿಳಿಸುವುದೇ ಶಿಕ್ಷಣ. ಆದುದರಿಂದ ಮೊದಲ ವಾರ ಕರಿಯನಿಗೆ ಪಡಸಾಲೆಯ ಒಂದು ಮೂಲೆ ಮಾತ್ರವೇ ಮನೆಯಾಯಿತು; ಅದರಾಚೆಗೆ ಬಂದಾಗ ಹಗ್ಗದ ತುದಿಯು ನಮ್ಮ ಕೈಯಲ್ಲಿರುತ್ತಿತ್ತು. ಊಟವು ದಿನಕ್ಕೆ ಎರಡು ಸಲ, ನಿಯತಕಾಲದಲ್ಲಿ. ನೀರು ಮಾತ್ರ ಯಾವಾಗಲೂ ಉಂಟು. ಬೆಳಗ್ಗೆ ಎದ್ದೊಡನೆ, ಪ್ರತಿ ಊಟದ ಬಳಿಕ, ಹಗಲುನಿದ್ದೆ ಮುಗಿದಾಗ, ರಾತ್ರಿ ಮಲಗುವ ಮುನ್ನ ಹಿತ್ತಿಲ ತೆಂಗಿನ ಮರದ ಬಳಿಗೆ ಕರೆದೊಯ್ಯುತ್ತಿದ್ದೆವು. ದಿನವೂ ಅದೇ ಬಾಗಿಲು, ಅದೇ ಮರ, ಅದೇ ಮಾತು. ಕೆಲಸ ಮುಗಿಸಿದ ಕ್ಷಣದಲ್ಲಿ ಅಲ್ಲಿಯೇ ಒಂದು ಚೂರು ರೊಟ್ಟಿ ಮತ್ತು ಮೆಚ್ಚುಗೆ. ಒಳಗೆ ಬಂದ ಮೇಲೆ ಕೊಟ್ಟರೆ, ಒಳಗೆ ಬಂದುದಕ್ಕೇ ಬಹುಮಾನವೆಂದು ಅದು ತಿಳಿಯುತ್ತದೆ. ನೆಲವನ್ನು ಮೂಸುತ್ತ ಸುತ್ತ ತೊಡಗಿದರೆ ಒಡನೆಯೇ ಹೊರಗೆ ನಡೆಸತಕ್ಕದ್ದು. ಬೆಳೆದ ನಾಯಿಯಲ್ಲಿ ಒಂದು ಅನುಕೂಲವೂ ಉಂಟು: ಆರೋಗ್ಯವಾಗಿದ್ದರೆ ಅದು ರಾತ್ರಿಯೆಲ್ಲ ತಡೆದುಕೊಳ್ಳಬಲ್ಲುದು, ಎಳೆಯ ಮರಿಗೆ ಅದು ಸಾಧ್ಯವಿಲ್ಲ.

ತೊಳೆಯುವುದರಲ್ಲಿಯೂ ವಿವೇಕ ಬೇಕು. ಫಿನೈಲಿನ ವಾಸನೆಯು ತುಂಬಿದರೆ ನೆಲವು ಶುಚಿಯಾಯಿತೆಂದು ನಮಗೆನಿಸುತ್ತದೆ. ನಾಯಿಯ ಮೂಗು ಅದರ ಕೆಳಗಿನ ಹಳೆಯ ಗುರುತನ್ನು ಹಿಡಿದು ಅಲ್ಲಿಗೇ ಮರಳುತ್ತದೆ. ಅಮೋನಿಯ ಬೆರೆತ ದ್ರಾವಣವಂತೂ ಕೂಡದು. ಅದರ ವಾಸನೆಯು ಮೂತ್ರದ ವಾಸನೆಗೆ ಸಮೀಪವಾದುದು. ಸಾಕುಪ್ರಾಣಿಗಳ ಸಾಮಾನಿನ ಅಂಗಡಿಯಲ್ಲಿ ದೊರೆಯುವ, ಕಿಣ್ವಗಳುಳ್ಳ ದ್ರಾವಣವು ಉತ್ತಮ.

ಗಂಡುನಾಯಿಯು ಕಾಲೆತ್ತಿ ಕಂಬಕಂಬಕ್ಕೂ ಹನಿಹನಿಯಾಗಿ ಮಾಡುವುದು ಗುರುತಿಗಾಗಿ. ಸಂತಾನಹರಣ ಚಿಕಿತ್ಸೆಯಿಂದ ಅನೇಕ ನಾಯಿಗಳಲ್ಲಿ ಇದು ತಗ್ಗುತ್ತದೆ. ಕಲಿತ ನಾಯಿಯು ಇದ್ದಕ್ಕಿದ್ದಂತೆ ತಪ್ಪತೊಡಗಿದರೆ ಗದರಿಸದೆ ಪಶುವೈದ್ಯರಿಗೆ ತೋರಿಸಬೇಕು. ಮೂತ್ರಕೋಶದ ಸೋಂಕೋ ಮಧುಮೇಹವೋ ಇದ್ದೀತು. ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನಂತೂ ತಡಮಾಡದೆ ಹಾಕಿಸತಕ್ಕದ್ದು.

ಎರಡನೆಯ ವಾರದಲ್ಲಿ ಕರಿಯನು ಒಮ್ಮೆ ಮಾತ್ರ ತಪ್ಪಿದನು. ಅದೂ ಮಳೆಯ ರಾತ್ರಿ, ಒದ್ದೆಯ ಮಣ್ಣಿಗೆ ಇಳಿಯಲೊಲ್ಲದೆ. ಮೂರನೆಯ ವಾರದ ಕೊನೆಗೆ ಒಂದು ನಡುರಾತ್ರಿ ಹಿತ್ತಿಲ ಬಾಗಿಲನ್ನು ತಾನೇ ಕೆರೆದನು. ಎದ್ದು ಅಗುಳಿ ತೆಗೆದವರು ನಮ್ಮ ಮನೆಯವರು. ಧನುರ್ಮಾಸದ ಮೊದಲ ಮುಂಜಾನೆ, ನೈವೇದ್ಯವಾದ ಮೇಲೆ, ಪಡಸಾಲೆಯ ಮೂಲೆಯಲ್ಲಿ ಒಂದು ಎಲೆಯ ಮೇಲೆ ಹುಗ್ಗಿಯಿತ್ತು. ಇಟ್ಟವರಾರೆಂದು ನಾವು ಕೇಳಲಿಲ್ಲ.

ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, ಹಂದಿಯೊಡನೆ ಹೋರಾಡಿ ಮಡಿದ ಕಾಳಿಯೆಂಬ ಬೇಟೆನಾಯಿಗೆ 10ನೆಯ ಶತಮಾನದಲ್ಲಿ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಸತ್ತ ನಾಯಿಗೆ ಭೂಮಿಯನ್ನು ಕೊಟ್ಟ ನಾಡಿನಲ್ಲಿ, ಬದುಕಿರುವ ನಾಯಿಗೆ ಒಂದು ತಿಂಗಳ ಸಹನೆಯನ್ನು ಕೊಡುವುದು ಹೆಚ್ಚಲ್ಲವೆಂದು ವಾಚಕರಲ್ಲಿ ನಮ್ಮ ಅರಿಕೆ.