ಬಿಚ್ಚುವ ಸುಖ

ಕೊಟ್ಟಿಗೆಯಲ್ಲಿ ದನ ಖಾಲಿಯಾದ ಮೇಲೆ ಆ ಜಾಗಕ್ಕೆ ಜೀಪು ಬಂತು. ಬಂತು ಅನ್ನುವುದು ಗೌರವದ ಮಾತು. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದು ತಂದದ್ದು. ಕೊಪ್ಪದ ಕಡೆಯ ಕಾಫಿ ತೋಟವೊಂದರ ಮೂಲೆಯಲ್ಲಿ, ಸಿಲ್ವರ್ ಓಕ್ ಮರದ ಬುಡದಲ್ಲಿ ಹಲವು ಮಳೆಗಾಲ ನೆನೆದಿದ್ದ ಮಹೀಂದ್ರ ಸಿಜೆ-3ಬಿ. ಬಾನೆಟ್ಟಿನ ಮೇಲೆ ಪಾಚಿ, ಸೀಟಿನ ಸ್ಪ್ರಿಂಗುಗಳ ನಡುವೆ ಜರೀಗಿಡ. ಅಮ್ಮ ಒಂದು ಸುತ್ತು ಹಾಕಿ ನೋಡಿ, "ಇದಕ್ಕೆ ಹುಲ್ಲು ಹಾಕುವ ಕೆಲಸ ಇಲ್ಲ, ಅಷ್ಟೇ ಲಾಭ" ಅಂದರು.

ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಯಾವಾಗ ಓಡುತ್ತದೆ? ಓಡೀತು ಬಿಡಿ, ಅದೇನು ಅವಸರ ಅಂತ ನಾನು ಮಾತು ತೇಲಿಸುತ್ತೇನೆ. ಓಡಿಸುವ ಆಸೆಗೆ ಯಾರಾದರೂ ತುಕ್ಕು ಹಿಡಿದ ಜೀಪು ತರುತ್ತಾರೆಯೆ? ಅದಕ್ಕೆ ಶೋರೂಮುಗಳಿವೆ, ಸಾಲ ಕೊಡುವ ಬ್ಯಾಂಕುಗಳಿವೆ. ನನಗೆ ಬೇಕಾದದ್ದು ಬಿಚ್ಚುವುದು. ಈ ಜೀಪಿಗೂ ಬಿಚ್ಚಿಸಿಕೊಳ್ಳುವುದು ಹೊಸದಲ್ಲ. 1945ರಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದ ಕಂಪನಿಗೆ ಆಗ ಮಹೀಂದ್ರ ಅಂಡ್ ಮೊಹಮ್ಮದ್ ಅಂತ ಹೆಸರು. ದೇಶ ಇಬ್ಭಾಗವಾದಾಗ ಮೊಹಮ್ಮದರು ಆ ಕಡೆ ಹೋಗಿ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು. ಈ ಕಡೆ ಉಳಿದವರು ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಕೂತರು. ಅಮೆರಿಕದಿಂದ ಹಡಗಿನಲ್ಲಿ ಬಿಡಿ ಭಾಗಗಳಾಗಿ ಬಂದು ಇಲ್ಲಿ ನಟ್ಟು ಬೋಲ್ಟು ಕಟ್ಟಿಸಿಕೊಂಡ ವಂಶ ಇದು. ಹಾಗೆ ಬಂದದ್ದನ್ನು ಮತ್ತೆ ಹಾಗೆಯೇ ಮಾಡುವುದರಲ್ಲಿ ಅಪಚಾರವೇನೂ ಇಲ್ಲ.

ಇದರ ಮುಖಕ್ಕೂ ಒಂದು ಕತೆ ಇದೆ. ಎರಡನೇ ಮಹಾಯುದ್ಧದ ಜೀಪಿನ ಬಾನೆಟ್ಟು ತಗ್ಗು. ಇದರ ಹಣೆ ಎತ್ತರ. ಯುದ್ಧಕಾಲದ ಎಂಜಿನ್ನಿನಲ್ಲಿ ವಾಲ್ವುಗಳೆಲ್ಲ ಕೆಳಗೆ ಬ್ಲಾಕಿನಲ್ಲೇ ಇದ್ದವು. 1953ರಲ್ಲಿ ಅಮೆರಿಕದಲ್ಲಿ ಬಂದ ಸಿಜೆ-3ಬಿಯ ಹರಿಕೇನ್ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವುಗಳನ್ನು ಮಾತ್ರ ಮೇಲೆ ಹೆಡ್ಡಿಗೆ ಏರಿಸಿದರು, ಎಕ್ಸಾಸ್ಟ್ ವಾಲ್ವುಗಳು ಕೆಳಗೇ ಉಳಿದವು. ಎಂಜಿನ್ನು ಎತ್ತರವಾಯಿತು, ಹಳೆಯ ಬಾನೆಟ್ಟಿನಡಿ ಹಿಡಿಸಲಿಲ್ಲ. ಅಂದಚಂದ ಅಂತ ತಲೆ ಕೆಡಿಸಿಕೊಳ್ಳದೆ ಬಾನೆಟ್ಟನ್ನೇ ಮೇಲೆತ್ತಿಬಿಟ್ಟರು. ಅಮೆರಿಕದವರು 1968ಕ್ಕೆ ಇದನ್ನು ಮಾಡುವುದು ನಿಲ್ಲಿಸಿದರು. ನಮ್ಮವರು ಆಮೇಲೂ ದಶಕಗಟ್ಟಲೆ ಮಾಡಿದರು. ಡೀಸೆಲ್ ಎಂಜಿನ್ನು ಬಂದ ಮೇಲೂ ಆ ಹಣೆ ತಗ್ಗಲಿಲ್ಲ. ಇಂಥ ಸಂಕೋಚವಿಲ್ಲದ ಯಂತ್ರಗಳ ಮೇಲೆ ನನಗೆ ಮೊದಲಿಂದಲೂ ಅಕ್ಕರೆ.

ಇನ್ನು ತುಕ್ಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಕಬ್ಬಿಣವನ್ನು ಮಣ್ಣು ಮಾಡುವುದಕ್ಕೆ ಸಾಕಷ್ಟಿದೆ. ತುಕ್ಕು ಎಂದರೆ ಕಬ್ಬಿಣ ಸವೆಯುವುದು ಅಂತ ತಿಳಿದಿರುತ್ತೇವೆ. ಬಿಚ್ಚಲು ಕೂತವನಿಗೆ ಗೊತ್ತಾಗುವುದು ಅದು ಉಬ್ಬುವುದೂ ಹೌದು ಅಂತ. ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತುಕ್ಕಿಗೆ ಬೇಕು. ನಟ್ಟಿಗೂ ಬೋಲ್ಟಿಗೂ ನಡುವಿನ ಕೂದಲೆಳೆ ಸಂದಿನಲ್ಲಿ ಅದು ಉಬ್ಬಿತೆಂದರೆ ಎರಡೂ ಒಂದೇ ಕಬ್ಬಿಣ. ಪಾನಾ ಹಾಕಿ ಕಾಲಿಟ್ಟು ತುಳಿದರೆ ನಟ್ಟು ಬಿಚ್ಚುವುದಿಲ್ಲ, ಮೂಲೆಗಳು ಸವೆದು ರೌಂಡ್ ಆಗುತ್ತದೆ. ಇಲ್ಲವೇ ಬೋಲ್ಟು ತುಂಡಾಗುತ್ತದೆ.

ಮುಂದಿನ ಸ್ಪ್ರಿಂಗ್ ಪ್ಲೇಟುಗಳನ್ನು ಆಕ್ಸಲಿಗೆ ಬಿಗಿದ ಯು-ಬೋಲ್ಟಿನ ನಟ್ಟನ್ನೇ ತೆಗೆದುಕೊಳ್ಳಿ. ಮೊದಲು ತಂತಿ ಬ್ರಷ್ಷಿನಲ್ಲಿ ಉಜ್ಜಿ ಎಳೆಗಳ ನಡುವಿನ ಮಣ್ಣು ತೆಗೆಯಬೇಕು. ಡೀಸೆಲಿಗೆ ಗೇರ್ ಆಯಿಲ್ ಬೆರೆಸಿ ಸುರಿದು ರಾತ್ರಿ ಮಲಗಬೇಕು. ನಟ್ಟೂ ನೆನೆಯುತ್ತದೆ, ನಮ್ಮ ಸಿಟ್ಟೂ ಇಳಿಯುತ್ತದೆ. ಬೆಳಿಗ್ಗೆ ಎಣ್ಣೆ ಒರೆಸಿ ಗ್ಯಾಸ್ ಟಾರ್ಚಿನ ನೀಲಿ ಉರಿಯನ್ನು ನಟ್ಟಿಗೆ ಮಾತ್ರ ಹಿಡಿಯಬೇಕು, ಬೋಲ್ಟಿಗಲ್ಲ. ನಟ್ಟು ಹಿಗ್ಗಿದಾಗ ನಡುವಿನ ತುಕ್ಕು ಬಿರುಕು ಬಿಡುತ್ತದೆ. ಬಿಸಿ ಇರುವಾಗಲೇ ಮೇಣದಬತ್ತಿಯ ತುದಿ ಒತ್ತಿದರೆ ಮೇಣ ಕರಗಿ, ಚೂರು ಹೊಗೆ ಬಿಟ್ಟು, ಎಳೆಗಳ ಒಳಗೆ ಸರ್ರನೆ ಇಳಿಯುತ್ತದೆ. ಆಮೇಲೆ ರಿಂಗ್ ಪಾನಾ. ಮೊದಲು ಬಿಗಿಯುವ ದಿಕ್ಕಿಗೆ ಒಂದು ಚೂರು, ಆಮೇಲೆ ಬಿಚ್ಚುವ ದಿಕ್ಕಿಗೆ. 'ಟಿಣ್' ಅಂತ ಒಂದು ಸದ್ದು ಬರುತ್ತದೆ ನೋಡಿ, ಆ ಸದ್ದಿಗಾಗಿ ನಾನು ಮದುವೆ ಮನೆ ಊಟ ಬಿಟ್ಟದ್ದಿದೆ. ಗಾಲಿಯ ನಟ್ಟುಗಳದ್ದು ಇನ್ನೊಂದು ಕುಚೋದ್ಯ. ಹಳೆಯ ವಿಲ್ಲಿಸ್ ನಮೂನೆಯ ಜೀಪುಗಳಲ್ಲಿ ಎಡಗಡೆ ಗಾಲಿಗಳಿಗೆ ಉಲ್ಟಾ ತ್ರೆಡ್ಡು. ಗಾಲಿ ಸುತ್ತುವ ಭರಕ್ಕೆ ನಟ್ಟು ಸಡಿಲಾಗದಿರಲಿ ಎಂಬ ಮುಂಜಾಗ್ರತೆ. ಗೊತ್ತಿಲ್ಲದವರು ಬಿಚ್ಚುತ್ತಿದ್ದೇವೆ ಅಂದುಕೊಂಡು ಬಿಗಿಯುತ್ತಲೇ ಇರುತ್ತಾರೆ. ಪಂಕ್ಚರ್ ಅಂಗಡಿಯ ಹೊಸ ಹುಡುಗರ ಪರೀಕ್ಷೆ ಮಾಡಬೇಕಾದರೆ ಇದಕ್ಕಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಇಲ್ಲ.

ಬಿಚ್ಚಿದ್ದರ ತುಕ್ಕು ತೆಗೆಯಲು ಎರಡು ದಾರಿ ನನಗೆ ಒಗ್ಗಿವೆ. ಸಣ್ಣ ಸಾಮಾನಿಗೆ ವಿದ್ಯುತ್ತು: ಪ್ಲಾಸ್ಟಿಕ್ ಡ್ರಮ್ಮಿಗೆ ನೀರು, ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರಿನ ನೆಗೆಟಿವ್ ತಂತಿ ನಮ್ಮ ಸಾಮಾನಿಗೆ, ಪಾಸಿಟಿವ್ ತಂತಿ ಯಾವುದಾದರೂ ಗುಜರಿ ಕಬ್ಬಿಣಕ್ಕೆ. ಗುಜರಿ ಕರಗುತ್ತಾ ಹೋಗುತ್ತದೆ, ನಮ್ಮದು ಕಪ್ಪಗೆ ಸಿಪ್ಪೆ ಬಿಡುತ್ತದೆ. ಏಳುವ ಗುಳ್ಳೆಯಲ್ಲಿ ಹೈಡ್ರೋಜನ್ ಇರುವುದರಿಂದ ಬಯಲಲ್ಲೇ ಮಾಡಬೇಕು, ಬೀಡಿ ಸೇದುವವರನ್ನು ದೂರ ಇಡಬೇಕು. ಗುಜರಿಯ ಬದಲು ಸ್ಟೀಲ್ ಚಮಚ ಗಿಮಚ ಹಾಕಬಾರದು, ಅದರ ಕ್ರೋಮಿಯಂ ನೀರನ್ನು ವಿಷ ಮಾಡುತ್ತದೆ. ದೊಡ್ಡ ಸಾಮಾನಿಗೆ ಕಾಕಂಬಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಗಟ್ಟಲೆ ಮುಳುಗಿಸಿಟ್ಟರೆ ತುಕ್ಕನ್ನು ಮಾತ್ರ ತಿನ್ನುತ್ತದೆ, ಒಳ್ಳೆಯ ಕಬ್ಬಿಣದ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ತಾಪತ್ರಯ ಒಂದೇ, ಅದು ಹುಳಿಯುತ್ತದೆ. ಕೊಟ್ಟಿಗೆಯಿಂದ ಬರುವ ವಾಸನೆಗೆ ಇರುವೆ, ನೊಣಗಳ ಜೊತೆ ಊರಿನ ಕೆಲವು ಹಿರಿಯರೂ ಆಸೆಯಿಂದ ಬಂದು ಡ್ರಮ್ಮಿನೊಳಗೆ ಬ್ರೇಕ್ ಡ್ರಮ್ಮು ನೋಡಿ ಬೇಸರದಿಂದ ಹೋದರು. ಎರಡೂ ದಾರಿಯಲ್ಲಿ ಮುಖ್ಯ ಕೆಲಸ ಕೊನೆಯದು: ತೊಳೆದು ಒರೆಸಿದ ಕೂಡಲೇ ಎಣ್ಣೆಯನ್ನೋ ಪ್ರೈಮರನ್ನೋ ಬಳಿಯಬೇಕು. ಆಷಾಢದ ಗಾಳಿಯಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಹೊಸ ತುಕ್ಕು ಕೇಸರಿ ಬಣ್ಣಕ್ಕೆ ತಿರುಗಿರುತ್ತದೆ.

ತೊಟ್ಟಿ, ಅಂದರೆ ಬಾಡಿ, ಎತ್ತಿದಾಗ ಕೆಳಗಿನ ಚಾನೆಲ್ಲುಗಳಲ್ಲಿ ಪದರ ಪದರವಾಗಿ ಕೆಮ್ಮಣ್ಣು, ಗೊಬ್ಬರ, ಭತ್ತದ ಹೊಟ್ಟು, ಕಾಫಿ ಬೀಜ. ಬಣ್ಣವನ್ನು ವಾಟರ್ ಪೇಪರಿನಲ್ಲಿ ಉಜ್ಜಿದರೆ ಹಸಿರಿನ ಕೆಳಗೆ ನೀಲಿ, ಅದರ ಕೆಳಗೆ ಹಳದಿ. ಎಡಗಡೆ ನೆಲದ ತಗಡು ಯಾವಾಗಲೋ ಹೋಗಿ, ಯಾರೋ ಎಣ್ಣೆ ಡ್ರಮ್ಮು ಕತ್ತರಿಸಿ ತೇಪೆ ಹಾಕಿದ್ದರು. ತೇಪೆಯ ಅಡಿಯಲ್ಲಿ ಡ್ರಮ್ಮಿನ ಅಕ್ಷರಗಳು ತಲೆಕೆಳಗಾಗಿ ಇನ್ನೂ ಕಾಣುತ್ತವೆ. ಗ್ಯಾಸ್ ವೆಲ್ಡಿಂಗ್ ಎಷ್ಟು ನಯವೆಂದರೆ ಬೆರಳಾಡಿಸಿದರೆ ಒಂದೇ ಸಮನೆ ಅಲೆ. ಟಿಂಕರಿಂಗ್ ಮಾಡಲು ಬಂದವನು ಅದನ್ನು ಕತ್ತರಿಸಿ ಹೊಸ ತಗಡು ಹಾಕೋಣ ಅಂದ. ನಾನು ಒಪ್ಪಲಿಲ್ಲ. ಅವನೂ ಒಂದೆರಡು ಸಲ ಬೆರಳಾಡಿಸಿ ನೋಡಿ, "ಒಳ್ಳೇ ಕೈ" ಅಂದು ಸುಮ್ಮನಾದ. ಹಳೆಯ ಗಾಡಿಯನ್ನು ಕನ್ನಡಿಯ ಹಾಗೆ ಹೊಳೆಯಿಸುವವರ ಜೊತೆ ನನಗೆ ಜಗಳವಿಲ್ಲ, ಆದರೆ ಇಂಥ ತೇಪೆಯನ್ನೂ ಕಿತ್ತು ಪುಟ್ಟಿ ಮೆತ್ತಿದರೆ ಉಳಿಯುವುದು ಬಣ್ಣ ಮಾತ್ರ.

ಬಿಡಿ ಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. ಬೇರಿಂಗಿನ ಅಂಚಿನಲ್ಲಿ ಕೊರೆದ ನಂಬರು ಬರೆದುಕೊಂಡು ಹೋಗುವುದಕ್ಕಿಂತ ಹಳೆಯ ಬೇರಿಂಗನ್ನೇ ಜೇಬಿನಲ್ಲಿಟ್ಟುಕೊಂಡು ಹೋಗುವುದು ಮೇಲು. ಮುದುಕ ವ್ಯಾಪಾರಿಗಳು ಅದನ್ನು ಕೈಯಲ್ಲಿ ತೂಗಿಯೇ ಯಾವ ಗಾಡಿಯದೆಂದು ಹೇಳುತ್ತಾರೆ. ಕಾಗದಪತ್ರದ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ಜೀಪಿಗಿಂತ ಮೊದಲು ಆರ್‌ಸಿ ನೋಡಿ. ಹದಿನೈದು ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ಚಾಸಿ ನಂಬರು ತಾಳೆಯಾಗದಿದ್ದರೆ ಎಷ್ಟು ಚೆಂದದ ಜೀಪಾದರೂ ಕೊಟ್ಟಿಗೆ ದಾಟುವುದಿಲ್ಲ.

ಇಡೀ ಜೀಪಿನಲ್ಲಿ ಬಿಚ್ಚಲು ಅತ್ಯಂತ ಸೊಗಸು ಟ್ರಾನ್ಸ್‌ಫರ್ ಕೇಸು. ಗೇರ್‌ಬಾಕ್ಸಿನ ಬೆನ್ನಿಗಂಟಿಕೊಂಡ ಎರಕದ ಗೂಡು, ಮೇಲೆ ಎರಡು ಕುಳ್ಳ ಲಿವರು. ಒಂದು ಮುಂದಿನ ಗಾಲಿಗಳಿಗೆ ಶಕ್ತಿ ಕೊಡುವುದಕ್ಕೆ, ಇನ್ನೊಂದು ಲೋ, ಅಂದರೆ ವೇಗ ಇಳಿಸಿ ಬಲ ಹೆಚ್ಚಿಸುವ ಗೇರು, ಹಾಕುವುದಕ್ಕೆ. ಫೋರ್‌ವೀಲ್ ಹಾಕದೆ ಲೋ ಬೀಳದ ಹಾಗೆ ಒಳಗೊಂದು ತಡೆ ಇದೆ. ಆ ಪಾಟಿ ಬಲವೆಲ್ಲ ಹಿಂದಿನ ಆಕ್ಸಲೊಂದರ ಮೇಲೇ ಬಿದ್ದು ಅದು ಮುರಿಯದಿರಲಿ ಅಂತ. ಗೇರುಗಳ ಅನುಪಾತ ಮೊದಲ ಗೇರಿನಲ್ಲಿ 2.798, ಲೋದಲ್ಲಿ 2.46, ಆಕ್ಸಲಿನ ಹೌಸಿಂಗಿನಲ್ಲಿ 5.38, ಗುಣಿಸಿ ನೋಡಿ, ಗಾಲಿ ಒಂದು ಸುತ್ತು ಬರುವುದಕ್ಕೆ ಎಂಜಿನ್ನು ಸುಮಾರು 37 ಸುತ್ತು ಬರಬೇಕು. ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿ ಹತ್ತಿಸುವ ಜೀಪಿನವರು ಬಂಡೆಗಳ ಮೇಲೆ ಆಕ್ಸಲರೇಟರ್ ಒತ್ತದೆಯೇ ತೆವಳಿಸಿಕೊಂಡು ಹೋಗುವುದರ ಗುಟ್ಟು ಈ ಬಗೆಯ ಲೆಕ್ಕದಲ್ಲಿದೆ. ಆದರೆ ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳೂ ಹಿಂದಿನವೂ ಸಾಗುವ ದೂರ ಬೇರೆ ಬೇರೆ, ಈ ಗೂಡಿಗೆ ಅದನ್ನು ಹೊಂದಿಸಲು ಬರುವುದಿಲ್ಲ. ಕೆಸರಾದರೆ ಗಾಲಿ ಜಾರಿ ಸರಿದೂಗಿಸುತ್ತದೆ. ಟಾರಿನಲ್ಲಿ ಶಾಫ್ಟುಗಳು ಒಳಗೊಳಗೇ ತಿರುಚಿಕೊಂಡು ಲಿವರು ಜಪ್ಪಯ್ಯ ಅಂದರೂ ಹಿಂದಕ್ಕೆ ಬರುವುದಿಲ್ಲ.

ಟಯರಿನ ವಿಷಯದಲ್ಲಿ ನಾನು ಹಠಮಾರಿ. ಜೀಪಿಗೆ ಆನೆಕಾಲಿನ ಟಯರು ಹಾಕುವ ಶೋಕಿ ಉತ್ತರದ ಮಂಡಿ ಡಬ್ವಾಲಿಯಿಂದ ಇಲ್ಲಿಯವರೆಗೂ ಇದೆ. ನಮ್ಮ ತೋಟದ ದಾರಿಗೆ ಹಳೆಯ 6.00-16 ಟಯರೇ ಸೈ. ಸಪೂರ ಇರುವುದರಿಂದ ಅದು ಮೇಲಿನ ರಾಡಿಯನ್ನು ಕೊಯ್ದು ಕೆಳಗಿನ ಗಟ್ಟಿ ನೆಲ ಹಿಡಿಯುತ್ತದೆ; ಅಗಲದ್ದು ರಾಡಿಯ ಮೇಲೆ ತೇಲಿ ಚರಂಡಿಗೆ ಜಾರುತ್ತದೆ, ಕಿಂಗ್‌ಪಿನ್ ಬೇರಿಂಗಿನ ಆಯುಸ್ಸನ್ನೂ ತಿನ್ನುತ್ತದೆ.

ಈಗ ಜೀಪು ಓಡುತ್ತದೆ. ಫೈರಿಂಗ್ ಆರ್ಡರ್ 1-3-4-2, ಪಾಯಿಂಟಿನ ಸಂದು ಇಂಚಿನ ಸಾವಿರದಲ್ಲಿ ಇಪ್ಪತ್ತು ಪಾಲು, ಹ್ಯಾಂಡಲ್ ಹೊಡೆದರೂ ಸ್ಟಾರ್ಟು. ಅಮ್ಮನನ್ನು ಪೇಟೆಗೆ ಕರೆದುಕೊಂಡು ಹೋಗಿ ಬಂದದ್ದೂ ಆಯಿತು. ಬಸ್ಸೇ ವಾಸಿ ಅಂದರು. ಬಿಚ್ಚಲು ಏನೂ ಉಳಿಯದೆ ನನಗೂ ಕೈ ಕಟ್ಟಿದಂತಾಗಿತ್ತು. ಪಕ್ಕದ ತೋಟದವರ ಹಲಸಿನ ಮರದಡಿ ಒಂದು ಜೀಪ್ ಟ್ರೈಲರು ಬಿದ್ದಿದೆ, ಕೊಂಡಿಯ ನಟ್ಟುಗಳು ಪೂರ್ತಿ ಹಿಡಿದುಕೊಂಡಿವೆ. ಗುಜರಿ ರೇಟಿಗೆ ಕೊಡುವುದಿಲ್ಲ ಅನ್ನುತ್ತಿದ್ದಾರೆ. ವ್ಯಾಪಾರ ಕುದುರುವವರೆಗೂ ಯಾಕೆ ಕಾಯಬೇಕು ಅಂತ ನಟ್ಟುಗಳಿಗೆ ಡೀಸೆಲ್ ಸುರಿದು ಬಂದಿದ್ದೇನೆ.